ಮಡಿಬಟ್ಟೆ ಹೊತ್ತು ಕೇದಾರಕಂಠಕ್ಕೆ: ಡಿಸೆಂಬರಿನ ಆರು ದಿನ

ಮುಳ್ಳಯ್ಯನಗಿರಿಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಮೇಲೆ ಹತ್ತಲು ಜಾಗವಿಲ್ಲ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಎಂಬ ಹಳ್ಳಿ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ, ಕೇದಾರಕಂಠದ ಚಾರಣ ಶುರುವಾಗುವುದೇ ಅಲ್ಲಿಂದ. ಶಿಖರದ ಎತ್ತರ ಸುಮಾರು 3,810 ಮೀಟರ್. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು, ಅದಕ್ಕೆ ಹಿಮ ಹೊದಿಸಿ ಹತ್ತಿದ ಹಾಗೆ.

ಇಲ್ಲಿಗೆ ಹೊರಡುವವರು ಮೊದಲು ಕೇಳುವುದು ಎಷ್ಟು ಚಳಿ ಇರುತ್ತದೆ ಎಂದು. ಡಿಸೆಂಬರ್ ಕೊನೆಯಲ್ಲಿ ಬಿಸಿಲಿದ್ದರೆ ಹಗಲು ಐದರಿಂದ ಹತ್ತು ಡಿಗ್ರಿ, ಬೇಸ್ ಕ್ಯಾಂಪಿನ ರಾತ್ರಿ ಮೈನಸ್ ಹತ್ತರ ಆಸುಪಾಸು. ಆದರೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ, ಎಷ್ಟು ಒದ್ದೆಯಾಗುತ್ತೇವೆ ಎಂಬುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಒಣಗಿದ ಮೈ ಮೈನಸ್ ಹತ್ತರಲ್ಲೂ ತಡೆದುಕೊಳ್ಳುತ್ತದೆ. ಒದ್ದೆ ಮೈಗೆ ಗಾಳಿ ಬಡಿದರೆ ಸೊನ್ನೆಗಿಂತ ಮೇಲಿನ ತಾಪಮಾನವೂ ಪ್ರಾಣ ತೆಗೆಯಬಲ್ಲದು. 2024ರ ಜೂನ್ ತಿಂಗಳಲ್ಲಿ, ಅಂದರೆ ನಡುಬೇಸಿಗೆಯಲ್ಲಿ, ಇದೇ ಉತ್ತರಕಾಶಿಯ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿದ 22 ಜನರ ತಂಡದಲ್ಲಿ ಕರ್ನಾಟಕದಿಂದ ಹೋಗಿದ್ದ 9 ಮಂದಿ ಅಸುನೀಗಿದರು. ಚಳಿಯ ಅಪಾಯ ಕ್ಯಾಲೆಂಡರ್ ನೋಡಿ ಬರುವುದಿಲ್ಲ.

ಎಂಟು ವಾರ ಮುಂಚೆ

ತಯಾರಿಗೆ ಎಂಟು ವಾರ ಬೇಕು. ಕಡೆಗೆ ಐದು ಕಿಲೋಮೀಟರನ್ನು 35–40 ನಿಮಿಷದಲ್ಲಿ ನಿಲ್ಲದೆ ಓಡಲು ಬಂದರೆ ಉಸಿರಿನ ತಯಾರಿ ಸಾಕು. ಆದರೆ ಬಯಲಿನ ಓಟ ಮಂಡಿಯನ್ನು ಇಳಿಜಾರಿಗೆ ಸಿದ್ಧಮಾಡುವುದಿಲ್ಲ. ಅದಕ್ಕೆ ವಾರಕ್ಕೆರಡು ಸಲ ಬೆನ್ನಿಗೆ ಎಂಟು ಕಿಲೋ ಹೊತ್ತು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯಬೇಕು. ಲಿಫ್ಟ್ ಹಿಡಿಯದೆ ಇಳಿಯುವುದೇ ಅಸಲಿ ಅಭ್ಯಾಸ. ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತಿ ಇಳಿದವರಿಗೆ ಇಲ್ಲಿನ ಏರು ಹೊಸದಲ್ಲ. ಒಟ್ಟು ಏರಿಕೆ ಲೆಕ್ಕಹಾಕಿದರೆ ಕುಮಾರಪರ್ವತವೇ ಒಂದೇ ದಿನಕ್ಕೆ ಹೆಚ್ಚು ಕಾಡುತ್ತದೆ. ಹೊಸದೇನಿದ್ದರೂ ತೆಳು ಗಾಳಿ, ಹಿಮ ಮತ್ತು ಕತ್ತಲು.

ಬೂಟನ್ನು ಮೊದಲು ಕೊಳ್ಳಿ, ಜಾಕೆಟ್ ಆಮೇಲಾಗಲಿ. ಅಂಗಡಿಗೆ ಸಂಜೆ ಹೋಗಬೇಕು, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಉಣ್ಣೆಯ ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು. ಬೆರಳುಗಳನ್ನು ಒಳಗೆ ಪಿಯಾನೋ ನುಡಿಸುವ ಹಾಗೆ ಆಡಿಸಲು ಬರದಿದ್ದರೆ ಆ ಬೂಟು ಬೇಡ. ಬಿಗಿ ಬೂಟಿನೊಳಗೆ ಎರಡು ಕಾಲುಚೀಲ ತುರುಕಿದರೆ ಬೆಚ್ಚಗಾಗುವುದಿಲ್ಲ, ರಕ್ತ ಓಡಾಟ ಕುಗ್ಗಿ ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಹಿಮಕ್ಕೆ ಹೋಗುವ ಮೊದಲು ಅದೇ ಬೂಟಿನಲ್ಲಿ 40–50 ಕಿಲೋಮೀಟರ್ ನಡೆದಿರಬೇಕು.

ಬಟ್ಟೆಯ ಲೆಕ್ಕ ಪದರಗಳದ್ದು. ಮೈಗೆ ತಾಗಿದಂತೆ ಬೆವರು ಹೊರಗೆ ಸಾಗಿಸುವ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯ ಅಂಗಿ. ಅದರ ಮೇಲೆ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆ: ತೆಳುವಾದದ್ದು ಒಂದು, ದಪ್ಪದ್ದು ಒಂದು. ನಿಂತಾಗ ಹಾಕಿಕೊಳ್ಳಲು ಡೌನ್ (ಹಕ್ಕಿಯ ಮೆತ್ತನೆ ಪುಕ್ಕ) ಅಥವಾ ಸಿಂಥೆಟಿಕ್ ನಾರು ತುಂಬಿದ ಜಾಕೆಟ್. ಎಲ್ಲಕ್ಕೂ ಹೊರಗೆ ಗಾಳಿ-ನೀರು ತಡೆಯುವ ತೆಳು ಜಾಕೆಟ್ ಮತ್ತು ಪ್ಯಾಂಟು. ಒಂದೇ ಭರ್ಜರಿ ಜಾಕೆಟ್ ಕೊಂಡವರು ಹತ್ತುವಾಗ ಬೆವರಲ್ಲಿ ನೆನೆಯುತ್ತಾರೆ, ತೆಗೆದರೆ ನಡುಗುತ್ತಾರೆ. ನಡುವಿನ ದಾರಿ ಅವರಿಗಿಲ್ಲ. ಹತ್ತಿಬಟ್ಟೆ ಒಳಚಡ್ಡಿಯಿಂದ ಹಿಡಿದು ಎಲ್ಲೂ ಬೇಡ. ಜೀನ್ಸ್ ಸಾಂಕ್ರಿಯ ಕೋಣೆಯಲ್ಲೇ ಉಳಿಯಲಿ. ಹತ್ತಿ ನೀರನ್ನು ಹೀರಿಕೊಂಡು ಬಿಡುವುದೇ ಇಲ್ಲ, ಉಣ್ಣೆ ನೆನೆದರೂ ಒಂದಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕೈಗವಸು ಎರಡು ಜೊತೆ ಸಾಲದು, ಮೂರು ಬೇಕು: ತೆಳು ಒಳಗವಸು, ಫ್ಲೀಸ್ ಗವಸು, ನೀರು ಹೋಗದ ಹೊರಗವಸು. ಹಿಮದಲ್ಲಿ ಬಿದ್ದು ಕೈ ಊರಿದ ಕೂಡಲೇ ಉಣ್ಣೆಯ ಗವಸು ನೆನೆಯುತ್ತದೆ. ತಲೆಗೆ ನಮ್ಮ ಹಳೆಯ ಮಂಕಿ ಟೋಪಿಯನ್ನು ಯಾವ ದುಬಾರಿ ಟೋಪಿಯೂ ಮೀರಿಸಿಲ್ಲ. ಕಿವಿ, ಕುತ್ತಿಗೆ, ಗಲ್ಲ ಮೂರನ್ನೂ ಒಂದೇ ಮುಚ್ಚುತ್ತದೆ. ಕಣ್ಣಿಗೆ ಕೆಟಗರಿ 3 ಅಥವಾ 4 ಎಂದು ಬರೆದಿರುವ, ಪಕ್ಕ ಮುಚ್ಚಿದ ತಂಪು ಕನ್ನಡಕ. ಹೊಸ ಹಿಮ ಅತಿನೇರಳೆ ಕಿರಣದ ಶೇ 80ರಷ್ಟನ್ನು ವಾಪಸು ಕಣ್ಣಿಗೇ ಎಸೆಯುತ್ತದೆ. ಬರಿಗಣ್ಣಲ್ಲಿ ಒಂದು ಹಗಲು ಕಳೆದರೆ ಸಂಜೆಗೆ ಕಣ್ಣಲ್ಲಿ ಮರಳು ಹಾಕಿದಂತೆ ಉರಿ, ಮರುದಿನ ಕಣ್ಣು ತೆರೆಯಲಾಗದು.

ಇವೆಲ್ಲ ನಡೆಯುವ ಬಟ್ಟೆ. ಇದಕ್ಕೆ ಹೊರತಾಗಿ ಇನ್ನೊಂದು ಜೊತೆ ಇರಬೇಕು: ಒಂದು ಥರ್ಮಲ್ ಅಂಗಿ, ಒಂದು ಥರ್ಮಲ್ ಪ್ಯಾಂಟು, ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ, ಒಂದು ಟೋಪಿ. ಗಾಳಿ ಹೊರಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬ್ಯಾಗಿನ ತಳದಲ್ಲಿ. ಇದನ್ನು ಮಡಿಬಟ್ಟೆ ಎಂದುಕೊಳ್ಳಿ, ನಡೆಯುವಾಗ ಎಷ್ಟೇ ಚಳಿಯಾದರೂ ಮುಟ್ಟುವಂತಿಲ್ಲ. ಟೆಂಟಿನೊಳಗೆ ಮೈ ಒರೆಸಿಕೊಂಡ ಮೇಲೆ ಮಾತ್ರ ಉಡಬೇಕು, ಬೆಳಿಗ್ಗೆ ಬಿಚ್ಚಿ ಮತ್ತೆ ಕಟ್ಟಬೇಕು. ನಿನ್ನೆಯ ತೇವದ ಅಂಗಿಯನ್ನು ಬೆಳಗಿನ ಮೈನಸ್ ಐದರಲ್ಲಿ ಮತ್ತೆ ಹಾಕಿಕೊಳ್ಳುವುದು ಹಿಂಸೆಯೇ ಸರಿ. ಆದರೆ ನಡೆಯಲು ಶುರುಮಾಡಿದ ಹತ್ತು ನಿಮಿಷಕ್ಕೆ ಅದು ಮೈಬಿಸಿಗೇ ಒಣಗುತ್ತದೆ. ಮಡಿ ಕೆಡಿಸಿಕೊಂಡವರಿಗೆ ರಾತ್ರಿ ಒಣಗಿದ್ದು ಏನೂ ಇರುವುದಿಲ್ಲ.

ಬ್ಯಾಗಿನ ಮೇಲೆ ಹಾಕುವ ಮಳೆಕವರನ್ನು ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೇ ದಪ್ಪ ಕಸದ ಚೀಲವೊಂದನ್ನು ಹಾಕಿ ಅದರೊಳಗೆ ಎಲ್ಲ ತುಂಬಿ ಬಾಯಿ ತಿರುಚಿ ಕಟ್ಟಿದರೆ ಖರ್ಚು ಹತ್ತಿಪ್ಪತ್ತು ರೂಪಾಯಿ. ಒಟ್ಟು ತೂಕ ಹತ್ತು ಕಿಲೋ ಮೀರದಿರಲಿ.

ತೆಳು ಗಾಳಿಗೆ ಮೈ ಒಗ್ಗದೆ ಬರುವ ಎತ್ತರದ ಕಾಯಿಲೆಗೆ ತೆಗೆದುಕೊಳ್ಳುವ ಡೈಮಾಕ್ಸ್, ಅಂದರೆ ಅಸೆಟಜೋಲಮೈಡ್, ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಸಲ್ಫಾ ಔಷಧಿಯ ಅಲರ್ಜಿ ಇದ್ದವರು, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಳಿದವರೂ ಕೇಳುವುದೇ ಒಳ್ಳೆಯದು. ಇದರಿಂದ ಬೆರಳ ತುದಿ ಜುಮುಜುಮು ಅನ್ನುತ್ತದೆ, ಮೂತ್ರ ಹೆಚ್ಚಾಗುತ್ತದೆ. ಮನೆಯಲ್ಲಿ ಒಂದೆರಡು ದಿನ ತೆಗೆದುಕೊಂಡು ನೋಡಿದ್ದರೆ, ಹಿಮದಲ್ಲಿ ಬೆರಳು ಜುಮ್ಮೆಂದಾಗ ಅದು ಮಾತ್ರೆಯದೋ ಚಳಿಯದೋ ಎಂದು ಗುರುತು ಹಿಡಿಯಬಹುದು.

ವಿಮಾನದ ಮಟ್ಟಿಗೆ ಮೂರು ಮಾತು. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಸ್ಪೈಕ್, ಅಂದರೆ ಜಾರದಂತೆ ಬೂಟಿನ ಅಡಿಗೆ ಸಿಕ್ಕಿಸುವ ಹಲ್ಲಿನ ಸರಪಳಿ, ಮತ್ತು ನಡಿಗೆ ಕೋಲು ಲಗೇಜಿಗೆ ಹಾಕಬೇಕು. ಅಡುಗೆ ಗ್ಯಾಸಿನ ಸಣ್ಣ ಡಬ್ಬಿಯನ್ನು ಎರಡರಲ್ಲೂ ಬಿಡುವುದಿಲ್ಲ.

ಮೊದಲ ದಿನ: ಡೆಹ್ರಾಡೂನ್–ಸಾಂಕ್ರಿ

ಹಿಂದಿನ ಸಂಜೆಯೇ ಡೆಹ್ರಾಡೂನ್ ಸೇರಿಕೊಂಡಿರಬೇಕು. ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿದು ಅದೇ ದಿನ ಸಾಂಕ್ರಿ ಮುಟ್ಟುತ್ತೇವೆ ಎನ್ನುವ ಲೆಕ್ಕ ಕಾಗದದ ಮೇಲಷ್ಟೇ ಸರಿ. ರೈಲು ನಿಲ್ದಾಣದ ಹತ್ತಿರದಿಂದ ಬೆಳಿಗ್ಗೆ ಆರು-ಏಳರ ಹೊತ್ತಿಗೆ ಜೀಪುಗಳು ಹೊರಡುತ್ತವೆ. ದೂರ ಸುಮಾರು 200 ಕಿಲೋಮೀಟರ್, ಹಿಡಿಯುವ ಹೊತ್ತು ಎಂಟರಿಂದ ಹತ್ತು ತಾಸು. ಮಸ್ಸೂರಿ, ನೌಗಾಂವ್, ಪುರೋಲಾ, ಮೋರಿ, ನೈಟ್ವಾಡ್ ಎಂದು ಊರುಗಳು ಸರಿಯುತ್ತವೆ. ನೈಟ್ವಾಡ್‌ನಲ್ಲಿ ರೂಪಿನ್ ಮತ್ತು ಸುಪಿನ್ ಹೊಳೆಗಳು ಕೂಡಿ ಟೋನ್ಸ್ ಆಗುತ್ತವೆ. ಅಲ್ಲಿಂದ ಮುಂದೆ ಗೋವಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆಯ ತಪಾಸಣೆ. ಗುರುತಿನ ಚೀಟಿಯ ಎರಡು ಜೆರಾಕ್ಸ್ ಕೈಗೆ ಸಿಗುವಂತಿರಲಿ.

ಪುರೋಲಾದಲ್ಲಿ ಮೂರು ಕೆಲಸ: ನಗದು ತೆಗೆಯುವುದು, ಮನೆಗೆ ಫೋನ್ ಮಾಡಿ ಯಾವ ದಿನ ಎಷ್ಟು ಹೊತ್ತಿಗೆ ವಾಪಸು ಸಿಗುತ್ತೇವೆ ಎಂದು ಹೇಳುವುದು, ಸರ್ಕಾರಿ ಆಸ್ಪತ್ರೆ ಎಲ್ಲಿದೆ ಎಂದು ನೋಡಿಕೊಳ್ಳುವುದು. ಮೇಲೆ ಯಾರಿಗಾದರೂ ಏನಾದರೂ ಆದರೆ ಕೆಳಗೆ ತರುವುದು ಈ ದಾರಿಯಲ್ಲೇ.

ಹವಾಮಾನ ಇಲಾಖೆಯ ಉತ್ತರಾಖಂಡದ ಮುನ್ಸೂಚನೆಯನ್ನೂ ನೆಟ್‌ವರ್ಕ್ ಇರುವಲ್ಲೇ ನೋಡಿ. ಇಲ್ಲಿ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಸಾಗಿಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಹವೆಯ ಅಲೆಗಳು. ಒಂದು ಬಂದರೆ ಎರಡು ಮೂರು ದಿನ ಮೋಡ, ಹಿಮ. ಹಾದುಹೋದ ಮೇಲೆ ಆಕಾಶ ತಿಳಿಯಾಗಿ ರಾತ್ರಿಯ ತಾಪಮಾನ ಒಮ್ಮೆಲೇ ಇಳಿಯುತ್ತದೆ. ಹಿಮಕುಸಿತದ ಎಚ್ಚರಿಕೆಯನ್ನು ಚಂಡೀಗಢದ ಡಿಜಿಆರ್‌ಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ ಹೊರಡಿಸುತ್ತದೆ. ಕೇದಾರಕಂಠದ ವಾಡಿಕೆಯ ದಾರಿ ಬಹುಪಾಲು ಕಾಡು ಮತ್ತು ದಿಬ್ಬದ ಬೆನ್ನಿನ ಮೇಲೆ ಸಾಗುವುದರಿಂದ ಹಿಮಕುಸಿತದ ಭಯ ಕಡಿಮೆ. ಆದರೂ ಒಂದೇ ದಿನದಲ್ಲಿ ಮೊಣಕಾಲುದ್ದ ಹಿಮ ಬಿದ್ದು ಗಾಳಿಯೂ ಬೀಸಿದ್ದರೆ, 30ರಿಂದ 45 ಡಿಗ್ರಿ ಓರೆಯ ಬೋಳು ಇಳಿಜಾರುಗಳನ್ನು ಒಂದು ದಿನವಾದರೂ ಬಿಟ್ಟು ನೋಡಬೇಕು.

ಸಾಂಕ್ರಿಯಲ್ಲಿ ದೇವದಾರು ಮರದ ಮನೆಗಳು, ಬಾಡಿಗೆ ಸಾಮಾನಿನ ಅಂಗಡಿಗಳು. ಸ್ಪೈಕ್, ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಗೇಟರ್, ಕೋಲು ಇಲ್ಲೇ ಸಿಗುತ್ತವೆ. ಸ್ಪೈಕನ್ನು ನಿಮ್ಮ ಬೂಟಿಗೇ ಹಾಕಿ ನೋಡಿ ತೆಗೆದುಕೊಳ್ಳಿ. ರಬ್ಬರು ಸಡಿಲವಾಗಿದ್ದರೆ ಓರೆ ದಾರಿಯಲ್ಲಿ ಪಕ್ಕಕ್ಕೆ ಹೊರಳಿಕೊಳ್ಳುತ್ತದೆ. ರಬ್ಬರಿನಲ್ಲಿ ಸೀಳು, ಸರಪಳಿಯಲ್ಲಿ ತೆರೆದ ಕೊಂಡಿ ಇದ್ದರೆ ಬೇರೆ ಕೇಳಿ. ಬಾಡಿಗೆ ಸ್ಲೀಪಿಂಗ್ ಬ್ಯಾಗಿನ ಮೇಲೆ ಮೂರು ತಾಪಮಾನ ಬರೆದಿದ್ದರೆ ಕಂಫರ್ಟ್ ಎಂಬುದನ್ನು ಮಾತ್ರ ಓದಿ. ಎಕ್ಸ್‌ಟ್ರೀಮ್ ಎಂಬ ಅಂಕಿ ನಿದ್ದೆಗಲ್ಲ, ಬದುಕುಳಿಯುವುದಕ್ಕೆ.

ರಾತ್ರಿಯ ಊಟಕ್ಕೆ ಮಂಡುವಾ ರೊಟ್ಟಿ ಸಿಕ್ಕರೆ ಬಿಡಬೇಡಿ. ಮಂಡುವಾ ಅಂದರೆ ನಮ್ಮ ರಾಗಿಯೇ.

ಎರಡನೆಯ ದಿನ: ಸಾಂಕ್ರಿ–ಜೂಡಾ ಕಾ ತಾಲಾಬ್

ದೂರ ನಾಲ್ಕೈದು ಕಿಲೋಮೀಟರ್, ಏರಿಕೆ ಸುಮಾರು 800 ಮೀಟರ್, ಹೊತ್ತು ನಾಲ್ಕರಿಂದ ಐದು ತಾಸು. ಇಡೀ ಚಾರಣದಲ್ಲಿ ಜನ ಅತಿ ಹೆಚ್ಚು ಬೆವರುವುದು ಇವತ್ತೇ. ಬೆಳಿಗ್ಗೆ ಹಳ್ಳಿಯಲ್ಲಿ ಎರಡು ಡಿಗ್ರಿ ಇರುತ್ತದೆ, ಎಲ್ಲರೂ ಇದ್ದಬದ್ದ ಬಟ್ಟೆ ಹಾಕಿಕೊಂಡು ಹೊರಡುತ್ತಾರೆ. ಪೈನ್ ಕಾಡಿನ ಏರು ಶುರುವಾಗಿ ಕಾಲು ತಾಸಿಗೆ ಬೆನ್ನು ತೊಯ್ದಿರುತ್ತದೆ.

ಹೊರಡುವ ಹೊತ್ತಿಗೆ ಸಣ್ಣಗೆ ಚಳಿ ಅನ್ನಿಸುತ್ತಿರಬೇಕು. ಒಳ ಅಂಗಿ, ಮೇಲೆ ತೆಳು ಫ್ಲೀಸ್, ಸಾಕು. ಹತ್ತು ನಿಮಿಷ ನಡೆದು ಎಲ್ಲರೂ ನಿಂತು ಒಂದು ಪದರ ಬಿಚ್ಚಬೇಕು. ಇದನ್ನು ನಾಚಿಕೆಗೋ ಆತುರಕ್ಕೋ ತಪ್ಪಿಸಬೇಡಿ. ಪಕ್ಕದವರ ಜೊತೆ ಉಸಿರು ಕಟ್ಟದೆ ಒಂದು ಇಡೀ ವಾಕ್ಯ ಮಾತಾಡಲು ಬರುತ್ತಿದ್ದರೆ ನಡಿಗೆಯ ವೇಗ ಸರಿಯಾಗಿದೆ. ನಿಂತ ಕೂಡಲೇ, ಮೈ ತಣ್ಣಗಾಗುವ ಮೊದಲೇ, ದಪ್ಪ ಜಾಕೆಟ್ ಹಾಕಿಕೊಳ್ಳಬೇಕು. ಚಳಿ ಹತ್ತಿದ ಮೇಲೆ ಹಾಕಿಕೊಂಡರೆ ಜಾಕೆಟ್ಟಿಗೆ ಹಿಡಿದಿಡಲು ಬಿಸಿಯೇ ಉಳಿದಿರುವುದಿಲ್ಲ. ಹಾಗಾಗಿ ಅದು ಬ್ಯಾಗಿನ ಬಾಯಲ್ಲೇ ಇರಬೇಕು, ತಳದಲ್ಲಲ್ಲ.

ಬಾಯಾರದಿದ್ದರೂ ನೀರು ಕುಡಿಯಬೇಕು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಮೂತ್ರವೋ ಹೆಚ್ಚು ಹೋಗುತ್ತದೆ, ಒಣ ಗಾಳಿ ಉಸಿರಿನಲ್ಲೇ ನೀರು ಕದಿಯುತ್ತದೆ. ದಿನಕ್ಕೆ ಮೂರು ಲೀಟರ್. ಮೂತ್ರ ಗಾಢ ಹಳದಿಯಾದರೆ ಸಾಲದು ಎಂದರ್ಥ. ಪ್ರತಿ ತಾಸಿಗೊಮ್ಮೆ ಬಾಯಿಗೆ ಏನಾದರೂ ಬೀಳಬೇಕು. ಚಾಕೊಲೇಟು ಚಳಿಗೆ ಕಲ್ಲಾಗಿ ಹಲ್ಲಿಗೆ ಸವಾಲು ಹಾಕುತ್ತದೆ. ಖರ್ಜೂರ, ಹುರಿಗಡಲೆ-ಬೆಲ್ಲ ಸಲೀಸು. ಎಲ್ಲಕ್ಕಿಂತ ಒಳ್ಳೆಯದು ಉತ್ತರ ಕರ್ನಾಟಕದ ಶೇಂಗಾ ಹೋಳಿಗೆ. ಕೆಡುವುದಿಲ್ಲ, ಮುರಿದು ಜೇಬಿಗೆ ಹಾಕಿಕೊಳ್ಳಬಹುದು, ಶೇಂಗಾದ ಜಿಡ್ಡು ಮತ್ತು ಬೆಲ್ಲದ ಸಿಹಿ ಎರಡೂ ಒಟ್ಟಿಗೆ ಸಿಗುತ್ತವೆ.

ಜೂಡಾ ಕಾ ತಾಲಾಬ್ ಸುಮಾರು 2,770 ಮೀಟರ್ ಎತ್ತರದ ಕೊಳ. ಡಿಸೆಂಬರ್ ಕೊನೆಗೆ ಮೇಲ್ಮೈ ಹೆಪ್ಪುಗಟ್ಟಿರುತ್ತದೆ, ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಚಪಲ ಎಲ್ಲರಿಗೂ. ಗಟ್ಟಿ, ತಿಳಿ ಮಂಜುಗಡ್ಡೆ ಹತ್ತು ಸೆಂಟಿಮೀಟರ್ ದಪ್ಪವಿದ್ದರೆ ಒಬ್ಬರ ಭಾರ ತಡೆಯುತ್ತದೆ ಎಂಬುದು ಲೆಕ್ಕ. ಆದರೆ ನೀರು ಒಳಬರುವ ಕಡೆ, ಬಂಡೆ-ಮರದ ಬೊಡ್ಡೆಯ ಸುತ್ತ, ಮೇಲೆ ಹಿಮ ಮುಚ್ಚಿದ ಕಡೆ ಅದು ಎಷ್ಟು ತೆಳುವಾಗಿದೆ ಎಂದು ನೋಡಿ ಹೇಳಲಾಗದು. ದಡದಿಂದಲೇ ಫೋಟೋ ಚೆನ್ನಾಗಿ ಬರುತ್ತದೆ.

ಶಿಬಿರ ಸೇರಿದ ಮೊದಲ ಹದಿನೈದು ನಿಮಿಷ ಚಹಾಕ್ಕಲ್ಲ. ಟೆಂಟಿಗೆ ಹೋಗಿ ತೊಯ್ದ ಅಂಗಿ ಬಿಚ್ಚಿ, ಮೈ ಒರೆಸಿ, ಮಡಿಬಟ್ಟೆ ಉಟ್ಟು, ಜಾಕೆಟ್ ಹಾಕಿಕೊಂಡು ಆಮೇಲೆ ಚಹಾ. ಸೂರ್ಯ ದಿಬ್ಬದ ಹಿಂದೆ ಸರಿದ ಕ್ಷಣಕ್ಕೆ ತಾಪಮಾನ ಧೊಪ್ಪನೆ ಬೀಳುತ್ತದೆ. ಅಷ್ಟರೊಳಗೆ ಬಟ್ಟೆ ಬದಲಿಸಿರಬೇಕು.

ಬೂಟನ್ನು ಬೆಂಕಿಯ ಹತ್ತಿರ ಒಣಗಿಸಲು ಇಡುವುದು ಹಳೆಯ ತಪ್ಪು. ಹೊರಗೆ ಸುಡುವಷ್ಟಾದರೂ ಒಳಗೆ ಒಣಗಿರುವುದಿಲ್ಲ, ಅಂಟು ಮೆತ್ತಗಾಗಿ ಮರುದಿನ ಅಟ್ಟೆ ಬಾಯಿ ಬಿಡುತ್ತದೆ. ಒಳಅಟ್ಟೆ ತೆಗೆದು ಸ್ಲೀಪಿಂಗ್ ಬ್ಯಾಗಿನೊಳಗೆ ಹಾಕಿಕೊಳ್ಳಿ, ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೆಂಟಿನೊಳಗೇ ಇಡಿ. ಲೇಸನ್ನು ಪೂರ್ತಿ ಸಡಿಲಿಸಿಡಿ, ಬೆಳಿಗ್ಗೆ ಹೆಪ್ಪುಗಟ್ಟಿದ ಬೂಟಿಗೆ ಕಾಲು ತೂರಿಸುವುದು ಅಷ್ಟು ಸುಲಭವಲ್ಲ.

ಮೂರನೆಯ ದಿನ: ಬೇಸ್ ಕ್ಯಾಂಪ್

ನಡಿಗೆ ಮೂರೇ ತಾಸು. ಓಕ್ ಮತ್ತು ಪೈನ್ ಕಾಡು ತೆಳುವಾಗುತ್ತ ಹುಲ್ಲುಗಾವಲು ತೆರೆದುಕೊಳ್ಳುತ್ತದೆ, ಈ ತಿಂಗಳಲ್ಲಿ ಹುಲ್ಲು ಕಾಣುವುದಿಲ್ಲ ಅಷ್ಟೆ. ಬಂದರ್‌ಪೂಂಛ್, ಕಾಲಾನಾಗ್, ಸ್ವರ್ಗಾರೋಹಿಣಿ ಶಿಖರಗಳು ಸಾಲಾಗಿ ಎದುರು ನಿಲ್ಲುತ್ತವೆ.

ಬೇಸ್ ಕ್ಯಾಂಪ್ ಸುಮಾರು 3,430 ಮೀಟರ್. ಇಲ್ಲಿ ಒಂದು ಲೆಕ್ಕ ಸರಿಹೊಂದುವುದಿಲ್ಲ. 3,000 ಮೀಟರಿಗಿಂತ ಮೇಲೆ ಮಲಗುವ ಎತ್ತರ ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಬಾರದು ಎಂದು ಪರ್ವತ ವೈದ್ಯರು ಹೇಳುತ್ತಾರೆ. ನಿನ್ನೆಯಿಂದ ಇವತ್ತಿಗೆ 660 ಮೀಟರ್ ಏರಿದ್ದೇವೆ. ಸಮುದ್ರಮಟ್ಟದಲ್ಲಿದ್ದ ಗಾಳಿಯೊತ್ತಡದ ಮೂರನೆಯ ಎರಡು ಪಾಲಷ್ಟೇ ಇಲ್ಲಿ ಉಳಿದಿದೆ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಆದರೆ ಕೆಲವರಿಗೆ ಆಗುತ್ತದೆ. ರಜೆ ಒಂದು ದಿನ ಹೆಚ್ಚಿದ್ದರೆ ಜೂಡಾ ಕಾ ತಾಲಾಬಿನಲ್ಲಿ ಇನ್ನೊಂದು ರಾತ್ರಿ ಉಳಿಯುವುದು, ಮಧ್ಯಾಹ್ನ ಒಂದಷ್ಟು ಎತ್ತರ ಹತ್ತಿ ಇಳಿದು ಮಲಗುವುದು ಇದಕ್ಕಿರುವ ನೇರ ಪರಿಹಾರ. ನಾಲ್ಕು ದಿನದಲ್ಲಿ ಮುಗಿಸಿಕೊಡುವ ಪ್ಯಾಕೇಜುಗಳು ಉಳಿಸುವುದು ಈ ಒಂದು ದಿನವನ್ನೇ.

ತಲೆನೋವು, ಅದರ ಜೊತೆ ವಾಕರಿಕೆಯೋ ಸುಸ್ತೋ ತಲೆಸುತ್ತೋ ಬಂದರೆ ಅದನ್ನು ಎತ್ತರದ ಕಾಯಿಲೆ ಎಂದೇ ಹಿಡಿಯಬೇಕು. ಗ್ಯಾಸು, ಬಿಸಿಲು, ನಿದ್ದೆಗೆಟ್ಟಿದ್ದು ಎಂಬ ನೆವಗಳು ಆಮೇಲೆ. ನೀರು ಕುಡಿದು ವಿಶ್ರಾಂತಿ ತೆಗೆದುಕೊಂಡು ಕಡಿಮೆಯಾಗದಿದ್ದರೆ ಅಂಥವರು ನಾಳೆ ಮೇಲೆ ಹೋಗಬಾರದು. ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳಿಗೆ ಊತ ಶುರುವಾಗಿದೆ. ಕೂತಲ್ಲೇ ಏದುಸಿರು, ಕೆಮ್ಮು, ಕಫದಲ್ಲಿ ನಸುಗೆಂಪು ನೊರೆ ಕಂಡರೆ ಪುಪ್ಪುಸಕ್ಕೆ ನೀರು ಇಳಿದಿದೆ. ಈ ಎರಡರಲ್ಲೂ ಬೆಳಗಾಗಲಿ ಎಂದು ಕಾಯುವಂತಿಲ್ಲ, ಕತ್ತಲಲ್ಲೇ, ಇಬ್ಬರ ಜೊತೆ ಕೆಳಗೆ ಕಳಿಸಬೇಕು. ಸಿಲಿಂಡರಿನ ಆಮ್ಲಜನಕ ಇಳಿಯುವ ದಾರಿಗೆ ಊರುಗೋಲಷ್ಟೇ, ಇಳಿಯುವುದರ ಬದಲಿಗೆ ಅಲ್ಲ.

ಮಲಗುವ ಮುನ್ನ ಒಂದಿಷ್ಟು ಶಿಸ್ತು. ಕುದಿ ಇಳಿದ ನೀರನ್ನು ಗಟ್ಟಿ ಮುಚ್ಚಳದ ಬಾಟಲಿಗೆ ತುಂಬಿ, ಕಾಲುಚೀಲದೊಳಗೆ ಇಟ್ಟು, ತೊಡೆಯ ಸಂದಿಗೆ ಇಟ್ಟುಕೊಂಡರೆ ರಾತ್ರಿಗೆ ಬಿಸಿ, ಬೆಳಿಗ್ಗೆಗೆ ಹೆಪ್ಪುಗಟ್ಟದ ಕುಡಿಯುವ ನೀರು. ಇನ್ನೊಂದು ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಯಿಯ ಕಡೆ ತೆರೆದಿರುತ್ತದೆ. ಕೊಳವೆಯಲ್ಲಿ ಹೀರುವ ನೀರಿನ ಚೀಲ ಇಲ್ಲಿ ಕೆಲಸಕ್ಕೆ ಬಾರದು, ಕೊಳವೆ ಮೊದಲು ಹೆಪ್ಪುಗಟ್ಟುತ್ತದೆ. ಫೋನು, ಪವರ್‌ಬ್ಯಾಂಕು, ಹೆಡ್‌ಲ್ಯಾಂಪಿನ ಸೆಲ್ ಎಲ್ಲ ಸ್ಲೀಪಿಂಗ್ ಬ್ಯಾಗಿನೊಳಗೆ. ಚಳಿಗೆ ಬ್ಯಾಟರಿಯ ರಸಾಯನ ಮಂದವಾಗಿ, ಶೇ 40 ತೋರಿಸುತ್ತಿದ್ದ ಫೋನು ಒಮ್ಮೆಲೇ ಸತ್ತುಬಿಡುತ್ತದೆ. ಮೈಬಿಸಿಗೆ ಇಟ್ಟರೆ ಮತ್ತೆ ಜೀವ ಬರುವುದುಂಟು. ಮುಖವನ್ನು ಬ್ಯಾಗಿನೊಳಗೆ ಮುಚ್ಚಿಕೊಂಡು ಮಲಗಬೇಡಿ. ಉಸಿರಿನ ಆವಿ ಇಡೀ ರಾತ್ರಿ ಒಳಗೇ ಇಂಗಿ ಬ್ಯಾಗನ್ನು ತೇವ ಮಾಡುತ್ತದೆ. ಅದೇ ಕಾರಣಕ್ಕೆ ಟೆಂಟಿನ ಗಾಳಿಕಿಂಡಿಯೂ ತೆರೆದಿರಲಿ. ಬಿಸಿಗೆಂದು ಟೆಂಟಿನೊಳಗೆ ಸ್ಟವ್ ಅಥವಾ ಕೆಂಡ ಇಟ್ಟುಕೊಂಡವರು ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡಿಗೆ ನಿದ್ದೆಯಲ್ಲೇ ಬಲಿಯಾಗುತ್ತಾರೆ.

ತಾವೇ ಅಡುಗೆ ಮಾಡಿಕೊಳ್ಳುವವರಿಗೆ: ಬರೀ ಬ್ಯೂಟೇನ್ ತುಂಬಿದ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಉರಿಯುವುದನ್ನೇ ಬಿಡುತ್ತದೆ, ಏಕೆಂದರೆ ಅದು ಮೈನಸ್ 0.5ಕ್ಕೆ ಅನಿಲವಾಗುವುದು ನಿಲ್ಲಿಸುತ್ತದೆ. ಮೈನಸ್ 42ರವರೆಗೂ ಆವಿಯಾಗುವ ಪ್ರೊಪೇನ್ ಬೆರೆಸಿದ ಡಬ್ಬಿಯನ್ನೇ ಕೇಳಿ ತೆಗೆದುಕೊಳ್ಳಿ.

ನಾಲ್ಕನೆಯ ದಿನ: ಶಿಖರ, ಮತ್ತೆ ಹರಗಾಂವ್

ಎರಡಕ್ಕೆ ಏಳುವುದು, ಮೂರರ ಸುಮಾರಿಗೆ ಹೊರಡುವುದು. ಸೂರ್ಯೋದಯ ನೋಡಲಿಕ್ಕೆ ಎಂದು ಎಲ್ಲರೂ ಹೇಳುತ್ತಾರೆ, ಅದು ಅರ್ಧ ಕಾರಣ. ರಾತ್ರಿಯ ಹಿಮ ಗಟ್ಟಿಯಾಗಿರುತ್ತದೆ, ಹೆಜ್ಜೆ ನಿಲ್ಲುತ್ತದೆ. ಒಂಬತ್ತು-ಹತ್ತರ ಬಿಸಿಲಿಗೆ ಅದೇ ಹಿಮ ಗಂಜಿಯಾಗಿ ಮೊಣಕಾಲವರೆಗೆ ಕಾಲು ಹೂತು, ನಾಲ್ಕು ಹೆಜ್ಜೆಯ ಶ್ರಮ ಒಂದು ಹೆಜ್ಜೆಗೆ ಬೇಕಾಗುತ್ತದೆ.

ಸ್ಪೈಕನ್ನು ಶಿಬಿರದಲ್ಲೇ ಕೂತು ಹಾಕಿಕೊಳ್ಳಬೇಕು, ಜಾರುವ ಜಾಗಕ್ಕೆ ಬಂದ ಮೇಲಲ್ಲ. ಮೊದಲು ಗೇಟರ್. ಅದರ ಕೊಕ್ಕೆ ಲೇಸಿಗೆ, ಪಟ್ಟಿ ಅಟ್ಟೆಯ ಕೆಳಗೆ, ಬಕಲ್ ಕಾಲಿನ ಹೊರಬದಿಗೆ. ಒಳಬದಿಗಿದ್ದರೆ ಇನ್ನೊಂದು ಕಾಲಿನ ಸ್ಪೈಕ್ ಅದಕ್ಕೆ ಸಿಕ್ಕಿ ಮುಗ್ಗರಿಸುತ್ತೀರಿ. ಕಾಲನ್ನು ಎಂದಿಗಿಂತ ನಾಲ್ಕು ಬೆರಳು ಅಗಲಿಸಿ ನಡೆಯುವುದನ್ನು ರೂಢಿಸಿಕೊಳ್ಳಿ. ಹಿಮ ಹಸಿಯಾದಾಗ ಸ್ಪೈಕಿನ ಹಲ್ಲುಗಳ ನಡುವೆ ಉಂಡೆ ಕಟ್ಟುತ್ತದೆ, ಆಗ ಅದು ಜಾರುವ ಚಪ್ಪಲಿಗಿಂತ ಕಡೆ. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಕೋಲಿನಿಂದ ಬೂಟಿನ ಬದಿಗೆ ತಟ್ಟಿ ಉದುರಿಸಬೇಕು. ಇವು ಗಟ್ಟಿ ಹಿಮ, ಮಂಜುಗಡ್ಡೆಯ ದಾರಿಗೆ ಮಾಡಿದವು. ಮೊಣಕಾಲುದ್ದ ಮೆತ್ತನೆ ಹಿಮದಲ್ಲಿ ಇದ್ದೂ ಇಲ್ಲದಂತೆ.

ಕತ್ತಲಲ್ಲಿ ಸಾಲಿನಲ್ಲಿ ನಡೆಯುವಾಗ ನಿಲ್ಲುವುದು ಹೆಚ್ಚು. ಮುಂದಿನವರು ಜಾರಿದರೆ ಹಿಂದಿನ ಐವತ್ತು ಜನ ನಿಲ್ಲಬೇಕು. ಬೆರಳು ಮರಗಟ್ಟುವುದು ಆ ನಿಲುಗಡೆಯಲ್ಲಿ. ಗಾಳಿ ಇದರ ಮೇಲೊಂದು ಬರೆ. ಮೈನಸ್ ಹತ್ತು ಡಿಗ್ರಿಗೆ ತಾಸಿಗೆ 30 ಕಿಲೋಮೀಟರ್ ಗಾಳಿ ಸೇರಿದರೆ ಬರಿಮೈಗೆ ಮೈನಸ್ ಇಪ್ಪತ್ತರಂತೆ ತಾಗುತ್ತದೆ. ನಿಂತಾಗ ಬೂಟಿನೊಳಗೆ ಬೆರಳು ಆಡಿಸುತ್ತಿರಿ, ತೋಳನ್ನು ಗಿರಗಟ್ಟೆಯಂತೆ ತಿರುಗಿಸಿದರೆ ರಕ್ತ ಬೆರಳ ತುದಿಗೆ ನುಗ್ಗುತ್ತದೆ. ನೋಯುತ್ತಿರುವ ಬೆರಳು ಒಳ್ಳೆಯ ಬೆರಳು. ನೋವು ನಿಂತು ಮರದಂತಾದಾಗ, ಚರ್ಮ ಬಿಳಚಿ ಮೇಣದಂತೆ ಕಂಡಾಗ ಎಚ್ಚರವಾಗಬೇಕು. ಕೂಡಲೇ ಕಂಕುಳಿಗೆ, ಕಾಲಾದರೆ ಜೊತೆಗಾರರ ಹೊಟ್ಟೆಗೆ ಒತ್ತಿ ಬಿಸಿ ಮಾಡಬೇಕು. ಉಜ್ಜಬಾರದು, ಹಿಮ ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಮರಗಟ್ಟಿದ ಚರ್ಮಕ್ಕೆ ಸುಡುವುದು ತಿಳಿಯುವುದಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿಯೇಬಿಟ್ಟಿದ್ದರೆ, ಮತ್ತೆ ಚಳಿಗೆ ಒಡ್ಡಬೇಕಾಗದ ಜಾಗಕ್ಕೆ ಬಂದ ಮೇಲೆಯೇ 37–39 ಡಿಗ್ರಿಯ ಬೆಚ್ಚನೆ ನೀರಲ್ಲಿ ಅದ್ದುವುದು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಉಳಿಯುವುದು ಕಷ್ಟ.

ಇದಕ್ಕಿಂತ ಸದ್ದಿಲ್ಲದೆ ಬರುವುದು ಮೈಯೊಳಗಿನ ಬಿಸಿ ಇಳಿಯುವ ಹೈಪೋಥರ್ಮಿಯಾ. ಒಳಮೈ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಶುರು. ಮೊದಲು ನಡುಕ, ಆಮೇಲೆ ಕೈ ಜಿಪ್ ಎಳೆಯಲು ತಡವರಿಸುತ್ತದೆ, ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಸುಮ್ಮನೆ ಸಿಡುಕು ಬರುತ್ತದೆ. ಹಾಗಾದವರಿಗೆ ತಮಗೆ ಹೀಗಾಗಿದೆ ಎಂದೇ ತಿಳಿಯದು, ಕೇಳಿದರೆ "ನಾನು ಸರಿಯಾಗೇ ಇದ್ದೀನಿ, ನೀವು ನಡೀರಿ" ಅನ್ನುತ್ತಾರೆ. ಆದ್ದರಿಂದ ಇಬ್ಬಿಬ್ಬರ ಜೋಡಿ ಮಾಡಿ, ಅರ್ಧ ತಾಸಿಗೊಮ್ಮೆ ಒಬ್ಬರ ಮುಖ ಇನ್ನೊಬ್ಬರು ಟಾರ್ಚ್ ಹಾಕಿ ನೋಡಬೇಕು. ನೂರರಿಂದ ಏಳೇಳು ಕಳೆಯುತ್ತ ಎಣಿಸಿ ಎಂದು ಕೇಳಿ. ನಡುಗುತ್ತಿದ್ದವರ ನಡುಕ ಬಿಸಿಯಾಗದೆಯೇ ನಿಂತುಹೋದರೆ ಅದು ಸುಧಾರಣೆಯಲ್ಲ, ಮೈ ಸೋಲುತ್ತಿರುವ ಗುರುತು.

ಆಗ ಮಾಡಬೇಕಾದ್ದು ಇಷ್ಟು. ಗಾಳಿ ಮರೆಗೆ ಸರಿಸಿ, ನೆಲಕ್ಕೆ ಚಾಪೆಯೋ ಬ್ಯಾಗೋ ಹಾಸಿ ಕೂರಿಸಿ. ಕೆಳಗಿನ ಹಿಮ ಮೇಲಿನ ಗಾಳಿಗಿಂತ ಹೆಚ್ಚು ಬಿಸಿ ಕದಿಯುತ್ತದೆ. ಒದ್ದೆ ಬಟ್ಟೆ ಬಿಚ್ಚಿ ಒಣಬಟ್ಟೆ ಹಾಕಿ. ಮಡಿಬಟ್ಟೆಯ ಚೀಲವನ್ನು ಟೆಂಟಿನಲ್ಲಿ ಬಿಟ್ಟುಬರದೆ ಶಿಖರಕ್ಕೂ ಹೊತ್ತು ತಂದಿರಬೇಕಾದ್ದು ಈ ಗಳಿಗೆಗಾಗಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ, ಎದೆಗೆ ಇಡಿ. ಎಚ್ಚರವಿದ್ದು ನುಂಗಲು ಬಂದರೆ ಸಕ್ಕರೆ ಹಾಕಿದ ಬಿಸಿ ಚಹಾ. ಬ್ರಾಂದಿ ಬೇಡವೇ ಬೇಡ, ಅದು ಚರ್ಮದ ರಕ್ತನಾಳ ಹಿಗ್ಗಿಸಿ ಉಳಿದ ಬಿಸಿಯನ್ನೂ ಹೊರಗೆ ಚೆಲ್ಲುತ್ತದೆ. ನಡುಕ ನಿಂತವರನ್ನು ನಡೆಸಬಾರದು, ಕೈಕಾಲು ತಿಕ್ಕಬಾರದು. ಅಡ್ಡಲಾಗಿ ಮಲಗಿಸಿ, ಮೆಲ್ಲಗೆ ಎತ್ತಿ ಸಾಗಿಸಬೇಕು.

ಹಿಂತಿರುಗುವ ಹೊತ್ತನ್ನು ಹಿಂದಿನ ರಾತ್ರಿ ಊಟದ ಹೊತ್ತಿಗೇ ನಿಗದಿ ಮಾಡಿ, ಎಲ್ಲರೆದುರು ಹೇಳಿರಬೇಕು. ಶಿಖರ ಮುಟ್ಟಲಿ ಬಿಡಲಿ, ಒಂಬತ್ತೂವರೆಗೆ ತಿರುಗುವುದು. ಇಷ್ಟು ದೂರ ಬಂದು, ಇಷ್ಟು ದುಡ್ಡು ಖರ್ಚುಮಾಡಿ, ತುದಿ ಕಣ್ಣೆದುರು ಕಾಣುವಾಗ ತೆಗೆದುಕೊಳ್ಳುವ ತೀರ್ಮಾನಗಳಲ್ಲಿ ಒಳ್ಳೆಯವು ಕಡಿಮೆ. ಶಿಖರದಲ್ಲಿ ಪುಟ್ಟ ಶಿವನ ಗುಡಿ, ತ್ರಿಶೂಲ. ಹಿಮ ದಿಬ್ಬದ ಅಂಚಿನಲ್ಲಿ ಕೆಳಗೆ ಆಧಾರವಿಲ್ಲದೆ ಚಾಚಿಕೊಂಡಿರಬಹುದು, ಹಾಗಾಗಿ ಫೋಟೋಕ್ಕೆ ಅಂಚಿಗೆ ಹೋಗದೆ ಒಳಗೇ ನಿಲ್ಲಿ. ಗವಸು ಬಿಚ್ಚದೆ ಫೋನು ಮುಟ್ಟಲು ಬರುವ ಒಳಗವಸು ಇದ್ದರೆ ಇಲ್ಲಿ ಅದರ ಬೆಲೆ ತಿಳಿಯುತ್ತದೆ.

ಇಳಿಯುವಾಗ ಹಿಮ್ಮಡಿ ಮೊದಲು ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಭಾರ ಮುಂದಕ್ಕಿರಲಿ. ಹೆದರಿ ಹಿಂದಕ್ಕೆ ವಾಲಿದವರೇ ಜಾರುವುದು. ಕೂತು ಜಾರಿಕೊಂಡು ಹೋಗುವ ಆಟ ಶುರುವಾಗುತ್ತದೆ. ಕೆಳಗೆ ಬಂಡೆಯಿಲ್ಲದ ಬಯಲು ಕಾಣುತ್ತಿದ್ದರೆ, ಗೈಡ್ ಒಪ್ಪಿದರೆ ಆಗಲಿ, ಆದರೆ ಮೊದಲು ಸ್ಪೈಕ್ ಬಿಚ್ಚಬೇಕು. ಜಾರುವಾಗ ಹಲ್ಲು ಹಿಮಕ್ಕೆ ಕಚ್ಚಿದರೆ ಕಾಲು ಅಲ್ಲೇ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ, ಕಣಕಾಲು ಮುರಿಯುತ್ತದೆ. ಪ್ಯಾಂಟು ನೆನೆಯುವುದು ಬೇರೆ.

ಆ ರಾತ್ರಿ ತಂಗುವ ಹರಗಾಂವ್ ಶಿಬಿರ ಸುಮಾರು 2,700 ಮೀಟರ್. ಎತ್ತರ ಇಳಿದಂತೆ ತಲೆನೋವುಗಳು ತಾವೇ ಮಾಯ.

ಐದನೆಯ ದಿನ: ಸಾಂಕ್ರಿಗೆ

ಆರು ಕಿಲೋಮೀಟರ್ ಇಳಿಜಾರು, ನಾಲ್ಕು ತಾಸು. ಎಲ್ಲ ಮುಗಿಯಿತು ಎಂಬ ಸಡಿಲಿಕೆಯಲ್ಲಿ ಉಳುಕುವ ಕಾಲುಗಳು ಈ ದಿನದವು. ಕಾಡಿನ ನೆರಳಲ್ಲಿ ನೂರಾರು ಬೂಟು ತುಳಿದು ನುಣುಪಾದ ಮಂಜುಗಡ್ಡೆಯ ಮೇಲೆ ತರಗೆಲೆ ಮುಚ್ಚಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಸ್ಪೈಕನ್ನು ಬಿಸಿಲಿನ ಬರಿನೆಲ ಬಂದ ಮೇಲೆಯೇ ಬಿಚ್ಚಿ. ಬರಿಗಲ್ಲಿನ ಮೇಲೆ ನಡೆದರೆ ಸರಪಳಿ ಕಿತ್ತುಹೋಗಿ ಬಾಡಿಗೆಯವರಿಗೆ ದಂಡ ಕಟ್ಟಬೇಕು. ಕೋಲಿನ ಉದ್ದವನ್ನು ಇಳಿಯಲು ಒಂದು ಗೇಣು ಹೆಚ್ಚಿಸಿ. ನಿಮ್ಮ ಪ್ಲಾಸ್ಟಿಕ್ಕೆಲ್ಲ, ಒದ್ದೆ ಟಿಶ್ಯೂ ಸಹಿತ, ನಿಮ್ಮ ಜೊತೆಗೇ ಕೆಳಗೆ ಬರಬೇಕು. ಹಿಮದಲ್ಲಿ ಹೂತಿಟ್ಟದ್ದು ಏಪ್ರಿಲ್‌ನಲ್ಲಿ ಹಳ್ಳಿಯವರ ದನಕ್ಕೆ ಸಿಗುತ್ತದೆ.

ಆರನೆಯ ದಿನ: ಡೆಹ್ರಾಡೂನ್

ಮತ್ತೆ ಅದೇ ಹತ್ತು ತಾಸು. ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ, ಮರುದಿನ ಮಧ್ಯಾಹ್ನದ್ದು ಮಾಡಿಸಿ. ರಸ್ತೆಯ ಮೇಲೆ ಹಿಮ ಬಿದ್ದರೆ ಜೀಪು ಮೋರಿಯವರೆಗೆ ಬರುವುದಕ್ಕೇ ಅರ್ಧ ದಿನ ಹೋಗುತ್ತದೆ.

ಮನೆಗೆ ಬಂದ ಮೇಲೆ ಡೌನ್ ಜಾಕೆಟನ್ನು ಅದುಮಿ ಚೀಲದಲ್ಲೇ ಬಿಡಬೇಡಿ, ಬಿಚ್ಚಿ ನೆರಳಲ್ಲಿ ಎರಡು ದಿನ ನೇತುಹಾಕಿ. ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ, ಆರು ತಾಸಿಗೊಮ್ಮೆ ಬದಲಿಸಿ. ಬೆರಳ ತುದಿಯ ಜೋಮು ವಾರ ಕಳೆದರೂ ಹೋಗದಿದ್ದರೆ, ಕಪ್ಪು ಕಲೆಯೋ ನೀರುಗುಳ್ಳೆಯೋ ಎದ್ದರೆ ವೈದ್ಯರಿಗೆ ತೋರಿಸಿ. ತೋರಿಸುವಾಗ ಎಷ್ಟು ಎತ್ತರ, ಎಷ್ಟು ಹೊತ್ತು ಮರಗಟ್ಟಿತ್ತು ಎಂಬುದನ್ನೂ ಹೇಳಿ. ಬೆಂಗಳೂರಿನ ಕ್ಲಿನಿಕ್ಕುಗಳಿಗೆ ಚಳಿ ಕಚ್ಚಿದ ಬೆರಳು ದಿನವೂ ಬರುವಂಥದ್ದಲ್ಲ.